ಹೆಲಿಕಾಪ್ಟರ್ ಮಾರುವ ‘ಬ್ಲೇಡ್ ಕಂಪನಿ’ಗಳು!

ಬೆಂಗಳೂರಿನ ಜನಕ್ಕೆ ‘ಬ್ಲೇಡ್ ಕಂಪನಿ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚು ಬಡ್ಡಿಯ ಆಸೆ ತೋರಿಸಿ, ಮೇಷ್ಟ್ರುಗಳ ಪಿಂಚಣಿ ದುಡ್ಡು ಬಾಚಿಕೊಂಡು, ರಾತ್ರೋರಾತ್ರಿ ಬೋರ್ಡು ಕಳಚಿದ ಫೈನಾನ್ಸುಗಳಿಗೆ ಈ ಊರು ಇಟ್ಟ ಹೆಸರು ಅದು. ಈಗ ಇನ್ನೊಂದು ತರದ ಬ್ಲೇಡ್ ಬಂದಿದೆ. ಇದು ನಿಜವಾದ ಬ್ಲೇಡ್. ಕಾರ್ಬನ್ ಫೈಬರಿನದು. ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುತ್ತದೆ. ಜೇಬನ್ನೂ ಕುಯ್ಯುತ್ತದೆ, ಕೈಯನ್ನೂ ಕುಯ್ಯುತ್ತದೆ.

ರೇಡಿಯೊ ಕಂಟ್ರೋಲ್ ಹೆಲಿಕಾಪ್ಟರಿನ ವಿಷಯ ಹೇಳುತ್ತಿದ್ದೇನೆ. ‘ಅದು ಮಕ್ಕಳ ಆಟಿಕೆ ಅಲ್ಲವೇನ್ರೀ’ ಎನ್ನುವವರು ಇದ್ದೀರಲ್ಲ, ನಿಮಗಾಗಿಯೇ ಈ ಲೇಖನ.

ನಮ್ಮ ಬಡಾವಣೆಯ ಹುಡುಗನೊಬ್ಬ. ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿದವನು. ಒಂದರ ಮೇಲೊಂದು ಎರಡು ಫ್ಯಾನು ತಿರುಗುವ ಪುಟಾಣಿ ಹೆಲಿಕಾಪ್ಟರನ್ನು ಮನೆಯ ಹಾಲಿನಲ್ಲಿ ಸೋಫಾದಿಂದ ಟಿ.ವಿ. ಮೇಲಕ್ಕೆ, ಟಿ.ವಿ.ಯಿಂದ ಸೋಫಾಕ್ಕೆ ಆರು ತಿಂಗಳು ಹಾರಿಸಿದ. ತಾನು ಪೈಲಟ್ ಆದೆ ಅಂದುಕೊಂಡ. ಅಂಗಡಿಗೆ ಹೋಗಿ ‘ದೊಡ್ಡದು ಬೇಕು’ ಅಂದ. ಅಂಗಡಿಯವನು ‘ಇದುವರೆಗೆ ಏನು ಹಾರಿಸಿದ್ದೀಯಪ್ಪ?’ ಎಂದು ಒಂದು ಮಾತು ಕೇಳಲಿಲ್ಲ. ‘ದೊಡ್ಡದಾದಷ್ಟೂ ಸುಲಭ ಸರ್. ಗಾಳಿಗೆ ಅಲ್ಲಾಡೋದೇ ಇಲ್ಲ’ ಎಂದು 600 ಕ್ಲಾಸಿನ ಯಂತ್ರವನ್ನು ಕಂತಿನ ಮೇಲೆ ಅವನ ಕೊರಳಿಗೆ ಕಟ್ಟಿದ.

ಮುಂದಿನ ಭಾನುವಾರ ಬೆಳಿಗ್ಗೆ ಊರಾಚೆಯ ಖಾಲಿ ಲೇಔಟು. ಹುಡುಗ, ಅವನ ಇಬ್ಬರು ಗೆಳೆಯರು, ನಾನು. ಯಂತ್ರ ಮೇಲೆದ್ದದ್ದು ಆಳೆತ್ತರಕ್ಕೆ. ಒಂದು ಕಡೆ ವಾಲಿತು. ಹುಡುಗ ಗಾಬರಿಬಿದ್ದು, ಆಟಿಕೆಯಲ್ಲಿ ಮಾಡುತ್ತಿದ್ದಂತೆ ಎಡಗೈ ಕಡ್ಡಿಯನ್ನು ಪೂರಾ ಕೆಳಗೆಳೆದ. ಆಟಿಕೆಯಾಗಿದ್ದರೆ ಫ್ಯಾನು ನಿಧಾನವಾಗಿ ಕೆಳಗಿಳಿದು ಕೂರುತ್ತಿತ್ತು. ಇದು ತನ್ನ ತಲೆಯನ್ನು ತಾನೇ ನೆಲಕ್ಕೆ ಚಚ್ಚಿಕೊಂಡಿತು. ಮುರಿದ ಬ್ಲೇಡಿನ ತುಂಡೊಂದು ಗೆಳೆಯನ ಕಿವಿಯ ಪಕ್ಕ ಸುಯ್ಯೆಂದು ಹೋಗಿ ಹಿಂದಿನ ಸೈಟಿನ ಇಟ್ಟಿಗೆ ರಾಶಿಗೆ ಬಡಿಯಿತು. ನಾವು ನಿಂತಿದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ. ನಾನೂ ಅಲ್ಲೇ ನಿಂತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಬುದ್ಧಿ ಇದ್ದವರು ಯಾರೂ ಅಲ್ಲಿ ನಿಲ್ಲುವುದಿಲ್ಲ.

ಹುಡುಗರೇ, ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸುಳ್ಳನ್ನು ಯಾರೂ ಹಿಡಿಯಬಹುದು. ಅವನು ಹೇಳಿದ್ದು ಅರ್ಧ ಸತ್ಯ.

ದೊಡ್ಡ ಹೆಲಿಕಾಪ್ಟರು ಸ್ಥಿರವಾಗಿ ನಿಲ್ಲುತ್ತದೆ ಎನ್ನುವುದು ನಿಜ. ತೂಕದ ಬ್ಲೇಡು ತಿರುಗುವಾಗ ಸಣ್ಣ ಗಾಳಿಗೆ ಜಗ್ಗುವುದಿಲ್ಲ. ಕಡ್ಡಿ ಅಲ್ಲಾಡಿಸಿದರೆ ಚಿಕ್ಕದರಂತೆ ಚಂಗನೆ ನೆಗೆಯುವುದಿಲ್ಲ. ದೂರ ಹೋದರೂ ಮೂತಿ ಯಾವ ಕಡೆ, ಬಾಲ ಯಾವ ಕಡೆ ಎಂದು ಕಣ್ಣಿಗೆ ಕಾಣುತ್ತದೆ. ಅಂಗೈ ಅಗಲದ ಯಂತ್ರ ಮೂವತ್ತು ಮೀಟರ್ ಹೋದರೆ ಗುಬ್ಬಚ್ಚಿ. ಅದು ನಿಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ದೇವರಿಗೇ ಗೊತ್ತು. ಆದ್ದರಿಂದ ‘ಮೊದಲು ಚಿಕ್ಕದು ಕಲಿ, ಆಮೇಲೆ ಮಧ್ಯಮ, ಆಮೇಲೆ ದೊಡ್ಡದು’ ಎಂದು ಮೂರು ಪೆಟ್ಟಿಗೆ ಮಾರುವ ಇನ್ನೊಬ್ಬ ಮಹಾಶಯನಿದ್ದಾನಲ್ಲ, ಅವನದ್ದೂ ಪೂರ್ತಿ ನ್ಯಾಯವಲ್ಲ. ಚಿಕ್ಕದು ಸುಲಭವಲ್ಲ. ಬಿದ್ದರೆ ಖರ್ಚು ಕಡಿಮೆ, ಅಷ್ಟೆ.

ಅಂಗಡಿಯವನು ನುಂಗಿಕೊಂಡ ಇನ್ನರ್ಧ ಸತ್ಯ ಇಲ್ಲಿದೆ. ಪೆಟ್ಟಿಗೆಯ ಮೇಲೆ 600, 700 ಎಂದು ಬರೆದಿರುತ್ತದೆ. ಅದು ಹೆಚ್ಚುಕಡಿಮೆ ಒಂದು ಬ್ಲೇಡಿನ ಉದ್ದ, ಮಿಲಿಮೀಟರಿನಲ್ಲಿ. (450 ಎಂದಿದ್ದರೆ ಈ ಲೆಕ್ಕ ಹಿಡಿಯಬೇಡಿ. ಅದು ಹಳೇ ಹೆಸರು. ಬ್ಲೇಡು 325 ಮಿ.ಮೀ. ಆಸುಪಾಸು. 500ರದ್ದು 425.) 700ರ ಎರಡು ಬ್ಲೇಡು ಸೇರಿ ತಿರುಗಿದರೆ ಈ ತುದಿಯಿಂದ ಆ ತುದಿಗೆ ಒಂದೂವರೆ ಮೀಟರಿಗೂ ಹೆಚ್ಚು. ನಿಮಿಷಕ್ಕೆ ಎರಡು ಸಾವಿರ ಸುತ್ತಿನಲ್ಲಿ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 600 ಕಿಲೋಮೀಟರ್! ಲೆಕ್ಕ ನೀವೇ ಹಾಕಿ ನೋಡಿ, ಎಸ್ಸೆಸ್ಸೆಲ್ಸಿ ಗಣಿತ ಸಾಕು. ಬ್ಯಾಟರಿ ಸೇರಿ ತೂಕ ಐದು ಕಿಲೋ ಆಸುಪಾಸು. 450 ಕ್ಲಾಸಿನದು ಒಂದು ಕಿಲೋಕ್ಕಿಂತ ಕಡಿಮೆ. ಹಾಗೆಂದು ಅದನ್ನು ಹಗುರ ಮಾಡಬೇಡಿ, ಅದೂ ಬೆರಳು ತೆಗೆಯುತ್ತದೆ.

2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಪಾರ್ಕೊಂದರಲ್ಲಿ 19 ವರ್ಷದ ಹುಡುಗನೊಬ್ಬ ತಾನೇ ಹಾರಿಸುತ್ತಿದ್ದ ದೊಡ್ಡ ಹೆಲಿಕಾಪ್ಟರಿನ ಬ್ಲೇಡು ತಲೆಗೆ ಬಡಿದು ಸ್ಥಳದಲ್ಲೇ ಸತ್ತ. ಅವನು ಹೊಸಬನಲ್ಲ, ಕೈ ಪಳಗಿದವನು. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲೂ ಒಬ್ಬ ಹೀಗೇ ಸತ್ತ. ಪಳಗಿದವರ ಪಾಡೇ ಇದಾದರೆ, ಸೋಫಾದಿಂದ ಟಿ.ವಿ.ಗೆ ಹಾರಿಸಿದವನ ಪಾಡೇನು? ಈ ಮಾತನ್ನು ಯಾವ ಅಂಗಡಿಯವನು ಬಿಲ್ಲಿನ ಜೊತೆ ಹೇಳುತ್ತಾನೆ, ಹೇಳಿ ನೋಡೋಣ!

ಹಾಗಾದರೆ ದೊಡ್ಡದು ಕೊಳ್ಳಲೇಬಾರದೇ? ಕೊಳ್ಳಿ. ಆದರೆ ನೀವು ಕೊಳ್ಳುತ್ತಿರುವುದು ಆಟಿಕೆಯ ದೊಡ್ಡಣ್ಣನನ್ನಲ್ಲ, ಬೇರೆಯೇ ಜಾತಿಯ ಯಂತ್ರವನ್ನು ಎಂದು ತಿಳಿದು ಕೊಳ್ಳಿ. ಆಟಿಕೆಯಲ್ಲಿ ಬ್ಲೇಡಿನ ಓರೆ ಬದಲಾಗುವುದಿಲ್ಲ. ಫ್ಯಾನು ಜೋರಾದರೆ ಮೇಲೆ, ನಿಧಾನವಾದರೆ ಕೆಳಗೆ. ಇದಕ್ಕೆ ಫಿಕ್ಸೆಡ್ ಪಿಚ್ ಎನ್ನುತ್ತಾರೆ. ನಿಜವಾದ ಹೆಲಿಕಾಪ್ಟರಿನಲ್ಲಿ ಫ್ಯಾನಿನ ವೇಗ ಹೆಚ್ಚುಕಡಿಮೆ ಒಂದೇ. ಬ್ಲೇಡಿನ ಓರೆಯನ್ನು ಹೆಚ್ಚಿಸಿದರೆ ಏಳುತ್ತದೆ, ತಗ್ಗಿಸಿದರೆ ಇಳಿಯುತ್ತದೆ, ಉಲ್ಟಾ ಓರೆ ಕೊಟ್ಟರೆ ನೆಲದ ಕಡೆಗೇ ತಳ್ಳುತ್ತದೆ. ಇದು ಕಲೆಕ್ಟಿವ್ ಪಿಚ್. ವಿಡಿಯೊಗಳಲ್ಲಿ ಹೆಲಿಕಾಪ್ಟರು ತಲೆಕೆಳಗಾಗಿ ನಿಲ್ಲುವುದನ್ನು ನೋಡಿ ಬಾಯಿಬಿಡುತ್ತೀರಲ್ಲ, ಅದು ಈ ಉಲ್ಟಾ ಓರೆಯ ಮಹಿಮೆ. ನಮ್ಮ ಹುಡುಗನ ಕಂತಿನ ದುಡ್ಡು ಮಣ್ಣಾದದ್ದೂ ಅದರಿಂದಲೇ. ಟ್ರಾನ್ಸ್‌ಮಿಟರಿನ ಮೇಲಿನ ‘ಐಡಲ್ ಅಪ್’ ಸ್ವಿಚ್ಚು ಆನ್ ಆಗಿತ್ತು. ಅದು ಸರ್ಕಸ್ ಮಾಡುವವರ ಸ್ವಿಚ್ಚು. ಅದು ಆನ್ ಇದ್ದರೆ ಕಡ್ಡಿ ಪೂರಾ ಕೆಳಗಿದ್ದರೂ ಮೋಟಾರು ನಿಲ್ಲುವುದಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಮಾರಿದವನಿಗೆ ಗೊತ್ತಿರಲಿಲ್ಲವೇ?

ಇನ್ನು ದುಡ್ಡಿನ ವಿಷಯ. ಮೊದಲ ದುಡ್ಡು ಹೆಲಿಕಾಪ್ಟರಿಗಲ್ಲ, ಟ್ರಾನ್ಸ್‌ಮಿಟರಿಗೆ. ಫುಟಾಬ, ಸ್ಪೆಕ್ಟ್ರಮ್, ರೇಡಿಯೊಮಾಸ್ಟರ್ ಯಾವುದಾದರೂ ಇರಲಿ, ನೀವು ಹಾರಿಸುವ ಮೈದಾನದಲ್ಲಿ ಹಳಬರು ಬಳಸುವುದನ್ನೇ ಕೊಳ್ಳಿ. ತೊಡಕು ಬಂದಾಗ ಕೇಳಲು ಬಾಯಿ ಇರುತ್ತದೆ. ಯಂತ್ರ ನೂರು ಸಲ ಬೀಳುತ್ತದೆ, ಟ್ರಾನ್ಸ್‌ಮಿಟರು ಬೀಳುವುದಿಲ್ಲ. ಪೆಟ್ಟಿಗೆಯಲ್ಲಿ ಬಿಟ್ಟಿಯಾಗಿ ಬರುವ ಪ್ಲಾಸ್ಟಿಕ್ ರಿಮೋಟಿಗೆ ಮರುಳಾದರೆ ಮುಂದಿನ ಯಂತ್ರದ ಹೊತ್ತಿಗೆ ಅದು ಮೂಲೆಗೆ. ಎರಡನೇ ದುಡ್ಡು ಸಿಮ್ಯುಲೇಟರಿಗೆ. ರಿಯಲ್‌ಫ್ಲೈಟೋ ಹೆಲಿ-ಎಕ್ಸೋ, ಕಂಪ್ಯೂಟರಿನಲ್ಲಿ ಹಾಕಿ, ಅದೇ ಟ್ರಾನ್ಸ್‌ಮಿಟರನ್ನು ಸಿಕ್ಕಿಸಿ, ದಿನಾ ರಾತ್ರಿ ಅರ್ಧ ಗಂಟೆ ಕೂರಿ. ಬಾಲ ನಿಮ್ಮ ಕಡೆ ಇದ್ದಾಗ ನಿಲ್ಲಿಸುವುದು ಯಾರಿಗೂ ಬರುತ್ತದೆ. ಮೂತಿ ನಿಮ್ಮ ಕಡೆ ತಿರುಗಿದ ಕ್ಷಣ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಲ್ಲಿಯೇ ಎಲ್ಲರೂ ಬೀಳುವುದು. ಅಲ್ಲಿ ಇನ್ನೂರು ಸಲ ಬೀಳಿ. ಕಂಪ್ಯೂಟರಿನಲ್ಲಿ ಬಿದ್ದರೆ ಒಂದು ಗುಂಡಿ ಒತ್ತಿದರೆ ಆಯಿತು. 600 ಒಂದು ಸಲ ನೆಲಕ್ಕೆ ಬಿದ್ದರೆ ಬ್ಲೇಡು, ಸ್ಪಿಂಡಲು, ಮೇನ್ ಶಾಫ್ಟು, ಮೇನ್ ಗೇರು, ಬಾಲದ ಬೂಮು, ಸಾಲದೆಂದು ಒಂದೆರಡು ಸರ್ವೊ. ಆ ಒಂದು ಬೀಳುವಿಕೆಯ ಬಿಲ್ಲಿನಲ್ಲಿ ಸಿಮ್ಯುಲೇಟರು ಬಂದು ಇನ್ನೂ ಚಿಲ್ಲರೆ ಉಳಿಯುತ್ತದೆ.

ಆಮೇಲೆ ಯಂತ್ರ. ನನ್ನ ತೀರ್ಪು ಹೇಳಿಬಿಡುತ್ತೇನೆ, ಬೈಯುವವರು ಬೈಯಲಿ: ಆಟಿಕೆ ಬಿಟ್ಟು ಮೇಲೆ ಬರುವವನಿಗೆ 450ರಿಂದ 500. ಅದಕ್ಕಿಂತ ಮೇಲೆ ಬೇಡ, ಈಗಲೇ ಬೇಡ. ಬಯಲಿನಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದು, ಬಿದ್ದರೆ ತಿಂಗಳ ಸಂಬಳ ನುಂಗದಷ್ಟು ಚಿಕ್ಕದು. ಹಳೇ 450ಗಳಿಗೆ 11.1 ವೋಲ್ಟಿನ ಮೂರು ಸೆಲ್ ಬ್ಯಾಟರಿ ಸಾಕು. 700ಕ್ಕೆ ಹೋದರೆ ಹನ್ನೆರಡು ಸೆಲ್, 44.4 ವೋಲ್ಟು, ಬ್ಯಾಟರಿಗೂ ಚಾರ್ಜರಿಗೂ ಹಾಕುವ ದುಡ್ಡಿನಲ್ಲೇ ಒಂದು ಚಿಕ್ಕ ಯಂತ್ರ ಬರುತ್ತದೆ. ತೈವಾನಿನ ಅಲೈನ್, ಇಟಲಿಯ ಎಸ್‌ಎಬಿ, ಜರ್ಮನಿಯ ಮಿಕಾಡೊ ಎಂದು ಹೆಸರಿಗೆ ಸೋಲಬೇಡಿ. ‘ಇದರ ಸ್ಪಿಂಡಲ್, ಮೇನ್ ಗೇರ್ ಈಗ ನಿಮ್ಮ ಅಂಗಡಿಯಲ್ಲಿ ಇದೆಯೇ? ತೆಗೆದು ತೋರಿಸಿ’ ಎನ್ನಿ. ‘ತರಿಸಿಕೊಡ್ತೀವಿ ಸರ್’ ಎಂದರೆ ನಮಸ್ಕಾರ ಹಾಕಿ ಹೊರಗೆ ಬನ್ನಿ. ಆ ‘ತರಿಸಿಕೊಡ್ತೀವಿ’ಯಲ್ಲಿ ಒಂದು ಮಳೆಗಾಲ ಕಳೆಯುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಮಾರುವವನೇ ನಿಮ್ಮೆದುರು ಹಾರಿಸಿ ತೋರಿಸಲಿ. ‘ಬ್ಯಾಟರಿ ಚಾರ್ಜ್ ಇಲ್ಲ’ ಎಂದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಬ್ಲೇಡಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಇದ್ದರೂ ಬ್ಲೇಡು ಕಸಕ್ಕೆ. ಬೇರೆಯವರ ಹಳೇ ಲಿಪೊ ಬ್ಯಾಟರಿಯನ್ನು ಬಿಟ್ಟಿ ಕೊಟ್ಟರೂ ಮುಟ್ಟಬೇಡಿ. ಉಬ್ಬಿದ ಲಿಪೊ ಎಂದರೆ ಮನೆಯಲ್ಲಿಟ್ಟ ಬೆಂಕಿ. ಹೊಸದಾದರೂ ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಚಾಳಿ ಬೇಡ.

‘ರೆಡಿ ಟು ಫ್ಲೈ’ ಎಂಬ ಮೂರು ಪದ ಇನ್ನೊಂದು ಮೋಸ. ಕಬ್ಬಿಣಕ್ಕೆ ಕಬ್ಬಿಣ ಸೇರುವ ಒಂದೊಂದು ಸ್ಕ್ರೂವನ್ನೂ ಬಿಚ್ಚಿ, ಲಾಕ್‌ಟೈಟ್ ಹಚ್ಚಿ ಮತ್ತೆ ಬಿಗಿಯದೆ ಹಾರಿಸಬೇಡಿ. ಮೇಜಿನ ಮೇಲೆ ಸೆಟ್ಟಿಂಗ್ ಮಾಡುವಾಗ ಮೋಟಾರಿನ ತಂತಿ ಕಳಚಿರಿ. ಥ್ರಾಟಲ್ ಹೋಲ್ಡ್ ಎಂಬ ಸ್ವಿಚ್ಚು ಮೋಟಾರನ್ನು ಆ ಕ್ಷಣವೇ ಕಡಿಯುತ್ತದೆ. ಮೊದಲು ಅದನ್ನು ಬೆರಳಿಗೆ ರೂಢಿ ಮಾಡಿಸಿ, ಆಮೇಲೆ ಮಿಕ್ಕಿದ್ದು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಅಲೈನ್ ಕಂಪನಿಯ ಕೈಪಿಡಿ ಬಿಚ್ಚಿ ನೋಡಿ. ಇಂಗ್ಲಿಷಿನ ಪಕ್ಕದಲ್ಲೇ ಚೀನಿ ಅಕ್ಷರ. ತೈವಾನಿನವನಿಗೆ ತನ್ನ ನುಡಿಯಲ್ಲಿ ಸ್ಕ್ರೂ ಬಿಗಿಯಲು ನಾಚಿಕೆ ಇಲ್ಲ. ನಮ್ಮ ಹುಡುಗರೋ, ಮೈದಾನದಲ್ಲಿ ಹಳಬರು ಇಂಗ್ಲಿಷಿನಲ್ಲಿ ಟಸ್ಸು ಪುಸ್ಸು ಎನ್ನುವಾಗ ‘ನನ್ನ ಸೆಟ್ಟಿಂಗ್ ಸರಿಯಿದೆಯಾ ನೋಡಿ’ ಎಂದು ಕೇಳಲು ಹಿಂಜರಿದು, ದೂರದ ಮೂಲೆಗೆ ಹೋಗಿ ಒಬ್ಬರೇ ಯಂತ್ರ ಸ್ಟಾರ್ಟ್ ಮಾಡುತ್ತಾರೆ. ಈ ಸಂಕೋಚಕ್ಕೆ ಬೆರಳು ಕೊಡಬೇಡಿ. ಕನ್ನಡದಲ್ಲೇ ಕೇಳಿ. ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಇಂಗ್ಲಿಷಿನಲ್ಲಿ ಕೇಳಿದರೂ ಹೇಳಲಾರ.

ಜಾಗದ ವಿಷಯ. ಧ್ರುವ ಹೆಲಿಕಾಪ್ಟರು 1992ರ ಆಗಸ್ಟಿನಲ್ಲಿ ಮೊದಲು ಹಾರಿದ್ದು ಇದೇ ಬೆಂಗಳೂರಿನಲ್ಲಿ. ಎಚ್.ಎ.ಎಲ್., ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಊರಿನ ಸುತ್ತ ರನ್‌ವೇಗಳೇ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಪಾಲು ಮಾಡಿವೆ. ನಿಮ್ಮ ಮೈದಾನ ಯಾವ ಬಣ್ಣದಲ್ಲಿದೆ ಎಂದು ನಕ್ಷೆಯಲ್ಲಿ ನೋಡಿಯೇ ಹೊರಡಿ. ಮನೆಯ ಟೆರೇಸು, ಬಡಾವಣೆಯ ಪಾರ್ಕು, ಹುಡುಗರು ಕ್ರಿಕೆಟ್ ಆಡುವ ಬಯಲು ಇವು ಮೂರೂ ಬೇಡವೇ ಬೇಡ. ಯಂತ್ರ ಏಳುವಾಗ ನೀವು ಹತ್ತು ಮೀಟರಾದರೂ ಹಿಂದಿರಬೇಕು, ನೋಡುವವರು ನಿಮಗಿಂತ ಹಿಂದೆ.

ಆ ಹುಡುಗನ ಕಥೆ ಕೇಳಿದಿರಾ? ಮುರಿದ 600ನ್ನು ಬಿಡಿಬಿಡಿಯಾಗಿ ಮಾರಿದ. ಕಂತು ತೀರಲು ಇನ್ನೂ ಏಳು ತಿಂಗಳು ಹಿಡಿಯಿತು. ಅಷ್ಟೂ ದಿನ ಟ್ರಾನ್ಸ್‌ಮಿಟರನ್ನು ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಕೂತ. ಆಮೇಲೆ ಹಳೇ 450 ಒಂದನ್ನು, ಮಾರಿದವನಿಂದಲೇ ಹಾರಿಸಿ ತೋರಿಸಿಕೊಂಡು, ತಂದ. ಹೋದ ತಿಂಗಳು ಅದೇ ಲೇಔಟಿನಲ್ಲಿ ಮೂತಿಯನ್ನು ತನ್ನ ಕಡೆಗೆ ತಿರುಗಿಸಿ ಒಂದು ಬ್ಯಾಟರಿ ಪೂರ್ತಿ ನಿಲ್ಲಿಸಿದ. ಇಳಿಸಿದವನೇ ಥ್ರಾಟಲ್ ಹೋಲ್ಡ್ ಒತ್ತಿ, ಬ್ಲೇಡು ಪೂರಾ ನಿಲ್ಲುವವರೆಗೆ ಹತ್ತಿರ ಹೋಗದೆ ಅಲ್ಲೇ ನಿಂತ. ನಾನು ಈ ಸಲ ಅವನಿಗಿಂತ ಹತ್ತು ಹೆಜ್ಜೆ ಹಿಂದೆ ನಿಂತಿದ್ದೆ.