ಗುಮಾಸ್ತ ಬರೆದ ವಂಶವೃಕ್ಷ

ನಮ್ಮಲ್ಲಿ ವಂಶವೃಕ್ಷ ಎಂದರೆ ಎರಡು. ಒಂದು ಭೈರಪ್ಪನವರ ಕಾದಂಬರಿ, ಇನ್ನೊಂದು ನಾಡಕಚೇರಿಯದು. ಮೊದಲನೆಯದನ್ನು ಕಾಲೇಜಿನ ದಿನಗಳಲ್ಲಿ ಓದಿದ್ದೆ. ಎರಡನೆಯದರ ಪರಿಚಯವಾದದ್ದು ನಡುವಯಸ್ಸಿನಲ್ಲಿ, ಊರಿನ ಜಮೀನಿನ ಪೌತಿ ಖಾತೆಗೆಂದು ಅಲೆದಾಗ. ಖಾತೆ ಇನ್ನೂ ತಾತನ ಹೆಸರಿನಲ್ಲೇ ಇತ್ತು. ನಾವು ಬರೆದುಕೊಂಡು ಹೋದ ವಾರಸುದಾರರ ಪಟ್ಟಿಯನ್ನು ಗ್ರಾಮ ಲೆಕ್ಕಿಗರು ಕನ್ನಡಕದ ಮೇಲಿಂದ ನೋಡಿ, "ಇನ್ನೊಬ್ಬರು ಮಗಳಿದ್ದರಲ್ಲ ಸ್ವಾಮಿ, ಅವರ ಕಡೆಯವರ ಸಹಿ ಎಲ್ಲಿ?" ಎಂದರು. ಬೇರೆ ಜಾತಿಯವನನ್ನು ಕಟ್ಟಿಕೊಂಡು ಹೋದಳೆಂದು ಮನೆಯಲ್ಲಿ ಯಾರೂ ಹೆಸರೆತ್ತದೆ ಬಿಟ್ಟಿದ್ದ ಸೋದರತ್ತೆ. ನಮ್ಮ ಚಿಕ್ಕಪ್ಪ ಆಸೆಪಟ್ಟು ಅಚ್ಚು ಹಾಕಿಸಿದ್ದ ಮನೆತನದ ವಂಶಾವಳಿಯಲ್ಲಿ ಅವಳಿಗೆ ಒಂದು ಗೆರೆಯೂ ಇರಲಿಲ್ಲ. ಸರ್ಕಾರದ ಕಾಗದದಲ್ಲಿ ಇದ್ದಳು.

ದಕ್ಷಿಣ ಆಫ್ರಿಕದ ಕೇಪ್ ವಸಾಹತಿಗೆ ಮೊದಲು ಬಂದ ಯುರೋಪಿನ ಕುಟುಂಬಗಳ ಚರಿತ್ರೆಯನ್ನು ಈಚೆಗೆ ಓದುತ್ತ ಕೂತಾಗ ಆ ಲೆಕ್ಕಿಗರು ಮತ್ತೆ ಮತ್ತೆ ನೆನಪಾದರು.

ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರೀಬೇಕ್ 1652ರ ಏಪ್ರಿಲಿನಲ್ಲಿ ಟೇಬಲ್ ಕೊಲ್ಲಿಗೆ ಬಂದಿಳಿದದ್ದು ದೇಶ ಕಟ್ಟುವುದಕ್ಕಲ್ಲ, ಸೊಪ್ಪು ತರಕಾರಿ ಬೆಳೆಯುವುದಕ್ಕೆ. ಏಷ್ಯಾಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ಮಾಂಸ, ಹಸಿರು ಒದಗಿಸುವ ತಂಗುದಾಣ ಅದು. ಐದು ವರ್ಷ ಕಳೆದ ಮೇಲೆ, 1657ರಲ್ಲಿ, ಒಂಬತ್ತು ನೌಕರರನ್ನು ಕೆಲಸದಿಂದ ಬಿಡುಗಡೆ ಮಾಡಿ ಲೀಸ್‌ಬೇಕ್ ಹೊಳೆಯ ದಂಡೆಯಲ್ಲಿ ಉಳುಮೆಗೆ ಜಮೀನು ಕೊಟ್ಟರು. ವಲಸೆಗಾರ ಕುಟುಂಬಗಳ ಕತೆ ಶುರುವಾಗುವುದು ಅಲ್ಲಿಂದ. 1688ರ ಸುಮಾರಿಗೆ ಫ್ರಾನ್ಸಿನಲ್ಲಿ ಧರ್ಮದ ಕಾರಣಕ್ಕೆ ಉಳಿಗಾಲವಿಲ್ಲದೆ ಓಡಿಬಂದ ಹ್ಯೂಗನಾಟರು ಬಂದು ಸೇರಿಕೊಂಡರು. ಹೆಚ್ಚೆಂದರೆ ಇನ್ನೂರು ಜನ. ಅವರು ತಂದ ಮನೆತನದ ಹೆಸರುಗಳು ಬೆಂಗಳೂರಿನವರಿಗೆ ಹೊಸವಲ್ಲ. ಡಿವಿಲಿಯರ್ಸ್, ಡು ಪ್ಲೆಸಿ ಎಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಂಟಲು ಹರಿದುಕೊಂಡವರಿಗೆ ಅವು ಮುನ್ನೂರು ವರ್ಷ ಹಿಂದೆ ಹಡಗು ಹತ್ತಿದ ಹೆಸರುಗಳೆಂಬುದು ಮಾತ್ರ ತಿಳಿದಿರಲಿಕ್ಕಿಲ್ಲ.

ಡಿವಿಲಿಯರ್ಸ್ ಎಂಬ ಹೆಸರಿನವರೇ ಒಬ್ಬರು, ಕ್ರಿಸ್ಟೋಫಲ್ ಕೂಟ್ಸೀ ಡಿವಿಲಿಯರ್ಸ್, 19ನೆಯ ಶತಮಾನದಲ್ಲಿ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳನ್ನು ಒಂದೊಂದಾಗಿ ಬಿಚ್ಚಿ ಈ ಕುಟುಂಬಗಳ ಸಂತತಿಯನ್ನು ಬರೆದಿಡುತ್ತ ಹೋದರು. 1887ರಲ್ಲಿ ತೀರಿಕೊಂಡರು. ಇತಿಹಾಸಕಾರ ಜಾರ್ಜ್ ಮೆಕಾಲ್ ಥೀಲ್ ಸಂಪಾದಿಸಿದ ಮೇಲೆ, 1893-94ರಲ್ಲಿ ಮೂರು ಸಂಪುಟಗಳಾಗಿ ಅದು ಹೊರಬಂತು. ಅವರು ಮಾಡಿದ ಗುರುತಿನ ಕ್ರಮ ಇಂದಿಗೂ ಅಲ್ಲಿ ಚಾಲ್ತಿಯಲ್ಲಿದೆ. ಬಿ3ಸಿ2ಡಿ5 ಎಂದು ಬರೆದಿರುತ್ತದೆ. ನೋಡಿದರೆ ಸ್ಕೂಟರಿನ ನಂಬರು. ಮೂಲಪುರುಷ ಎ, ಅವನ ಮಕ್ಕಳ ತಲೆ ಬಿ, ಮೊಮ್ಮಕ್ಕಳದು ಸಿ. ಅಂದರೆ ಇದು ಮೂಲಪುರುಷನ ಮೂರನೆಯ ಮಗುವಿನ ಎರಡನೆಯ ಮಗುವಿನ ಐದನೆಯ ಮಗು. ಚೊಕ್ಕಟವಾದ ಲೆಕ್ಕ. ಹೆಣ್ಣುಮಗುವಿಗೂ ನಂಬರು ಸಿಗುತ್ತದೆ, ಆದರೆ ಅವಳ ದಾರಿ ಅಲ್ಲಿಗೆ ಮುಗಿಯಿತು. ಅವಳ ಮಕ್ಕಳನ್ನು ಗಂಡನ ಮನೆತನದ ಪುಟದಲ್ಲಿ ಹುಡುಕಿಕೊಳ್ಳಬೇಕು.

ಹಾಗೆ ಗಂಡನ ಪುಟಕ್ಕೆ ಹೋಗಿ ನೋಡಿದರೆ, ಮೊದಲೆರಡು ತಲೆಮಾರಿನಲ್ಲಿ ಕೆಲವೆಡೆ ಹೆಂಡತಿಯ ಹೆಸರಿನ ಮುಂದೆ ಊರೇ ಮನೆತನವಾಗಿ ಕೂತಿರುತ್ತದೆ. ಬಂಗಾಳದ ಮರಿಯಾ. ಬಂಗಾಳದ ಕ್ಯಾತರೀನಾ. ಇವರೆಲ್ಲ ಗುಲಾಮರಾಗಿ ಬಂದವರು. ಕೇಪಿಗೆ 1808ರವರೆಗೆ ತಂದ ಗುಲಾಮರು ಸುಮಾರು 63,000 ಎಂದು ಅಂದಾಜು. ಅವರಲ್ಲಿ ಕಾಲುಭಾಗ ಭಾರತದವರು.

ಆಂಜೆಲಾಳನ್ನು ನೋಡಿ. 1650ರ ದಶಕದಲ್ಲಿ ಬಂಗಾಳದಿಂದ ಬಂದು ವಾನ್ ರೀಬೇಕನ ಮನೆಯಲ್ಲಿ ಗುಲಾಮಿಯಾಗಿದ್ದಳು. ಅವನು ಕೇಪ್ ಬಿಡುವಾಗ ಅವಳನ್ನು ಕಂಪನಿಯ ಇನ್ನೊಬ್ಬ ಅಧಿಕಾರಿಗೆ ಮಾರಿ ಹೋದ. ಆತ 1666ರಲ್ಲಿ ಅವಳನ್ನೂ ಮಕ್ಕಳನ್ನೂ ಬಿಡುಗಡೆ ಮಾಡಿದ. ಮರುವರ್ಷ ಊರಿನಲ್ಲಿ ಅವಳ ಹೆಸರಿಗೊಂದು ನಿವೇಶನ. ಅದರ ಮರುವರ್ಷ ದೀಕ್ಷಾಸ್ನಾನ. 1669ರಲ್ಲಿ ಜರ್ಮನಿಯ ವೇಸೆಲ್ ಊರಿನ ಆರ್ನಾಲ್ಡಸ್ ಬಾಸನ್ ಎಂಬ ಬಿಳಿಯನೊಂದಿಗೆ ಚರ್ಚಿನಲ್ಲಿ ಮದುವೆ. ನಾಲ್ಕು ವರ್ಷದಲ್ಲಿ ನಾಲ್ಕು ದಾಖಲೆ! ದಕ್ಷಿಣ ಆಫ್ರಿಕದ ಬಾಸನ್ ಮನೆತನಕ್ಕೆ ಮೂಲಮಾತೆ ಅವಳು. 1720ರಲ್ಲಿ ಸಾಯುವ ಹೊತ್ತಿಗೆ ಆಸ್ತಿವಂತೆ. ಮದುವೆಗೆ ಮೊದಲಿನ ಮಗಳು ಅನ್ನಾ, ಸ್ವೀಡನ್ನಿನಿಂದ ಬಂದು ಕಂಪನಿಯ ಸೇನೆಯಲ್ಲಿ ಕ್ಯಾಪ್ಟನ್ ಆದ ಓಲೋಫ್ ಬರ್ಗ್‌ನನ್ನು ಮದುವೆಯಾದಳು.

ಈಗ ಒಂದು ಗಂಟು ಬಿಚ್ಚುತ್ತೇನೆ, ಇದು ನನಗೆ ಬಹಳ ಇಷ್ಟವಾದದ್ದು. 1685ರಲ್ಲಿ ಕಂಪನಿಯ ತನಿಖಾಧಿಕಾರಿಯಾಗಿ ಕೇಪಿಗೆ ಬಂದವನು ಹೆಂಡ್ರಿಕ್ ವಾನ್ ರೀಡ್. ಹೌದು, ಮಲಬಾರಿನಲ್ಲಿ ಕಮಾಂಡರನಾಗಿದ್ದು ಅಲ್ಲಿನ ಗಿಡಮೂಲಿಕೆಗಳ ಮೇಲೆ 'ಹೊರ್ಟಸ್ ಮಲಬಾರಿಕಸ್' ಎಂಬ ಹನ್ನೆರಡು ಸಂಪುಟ ತಂದ ಅದೇ ವಾನ್ ರೀಡ್. ಗಿಡಗಳ ಜಾತಿ ವಿಂಗಡಿಸಿದ ಕೈ ಮನುಷ್ಯರನ್ನೂ ವಿಂಗಡಿಸಿತು: ಬಿಳಿಯರು ಅಪ್ಪಟ ಗುಲಾಮಿಯರನ್ನು ಮದುವೆಯಾಗಕೂಡದು, ತಂದೆ ಬಿಳಿಯನಾಗಿದ್ದರೆ ಆಗಬಹುದು ಎಂದು ಅಪ್ಪಣೆ ಹೊರಡಿಸಿದ. ಅದೇ ಭೇಟಿಯಲ್ಲಿ ಆಗಿನ ಕಮಾಂಡರ್ ಸೈಮನ್ ವಾನ್ ಡರ್ ಸ್ಟೆಲ್‌ಗೆ ಕಾನ್‌ಸ್ಟಾನ್ಶಿಯಾ ಎಂಬ ಜಮೀನು ಮಂಜೂರು ಮಾಡಿದ. ಈ ವಾನ್ ಡರ್ ಸ್ಟೆಲ್‌ನ ತಾಯಿಯ ತಾಯಿ ಯಾರು? ಮೋನಿಕಾ ದ ಕೋಸ್ಟಾ, ಅಂದರೆ ಕರಾವಳಿಯ ಮೋನಿಕಾ. ಬಿಡುಗಡೆ ಹೊಂದಿದ ಭಾರತದ ಗುಲಾಮಿ. ಸ್ಟೆಲ್ ಸತ್ತ ಕೆಲವು ವರ್ಷಕ್ಕೆ ಕಾನ್‌ಸ್ಟಾನ್ಶಿಯಾದ ದೊಡ್ಡ ಮನೆಯನ್ನು ಕೊಂಡವನು ಓಲೋಫ್ ಬರ್ಗ್. ಅವನ ನಂತರ ಅದಕ್ಕೆ ಒಡತಿ ಆಂಜೆಲಾಳ ಮಗಳು ಅನ್ನಾ. ಇವತ್ತು ಪ್ರವಾಸಿಗರು ವೈನ್ ಹೀರಲು ಹೋಗುವ ಗ್ರೂಟ್ ಕಾನ್‌ಸ್ಟಾನ್ಶಿಯಾ ಇದೇ.

ಇದನ್ನೆಲ್ಲ ಯಾರೂ ಬಚ್ಚಿಟ್ಟಿರಲಿಲ್ಲ. ಕಂಪನಿಯ ಗುಮಾಸ್ತ ಕೊಂಡದ್ದು, ಮಾರಿದ್ದು, ಬಿಡುಗಡೆ, ಮದುವೆ, ಸತ್ತವರ ಮನೆಯ ಪಾತ್ರೆಪಗಡದ ಪಟ್ಟಿ ಎಲ್ಲವನ್ನೂ ಬರೆದಿಟ್ಟಿದ್ದ. ಅವನಿಗೆ ಉದಾರಬುದ್ಧಿಯಿತ್ತೆಂದಲ್ಲ. ವಾರಸುದಾರರು ಜಗಳವಾಡಿದರೆ ಕಾಗದ ಬೇಕು, ಅಷ್ಟೆ. ನಾಚಿಕೆ ಹುಟ್ಟಿದ್ದು ಆಮೇಲೆ, ಮರಿಮೊಮ್ಮಕ್ಕಳ ಕಾಲಕ್ಕೆ. ಜನರನ್ನು ಜನಾಂಗವಾರು ನೋಂದಾಯಿಸುವ ಕಾಯಿದೆ 1950ರಲ್ಲಿ ಬಂದಾಗ, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ಅದು ಜಾರಿ ಬೀಳುತ್ತದೆಯೋ ನಿಲ್ಲುತ್ತದೆಯೋ ಎಂದು ನೋಡುವ ಮಟ್ಟಕ್ಕೆ ವಿಷಯ ಹೋಯಿತು. ಚರ್ಚಿನ ಪುಸ್ತಕ ಅದೇ ಊರಿನಲ್ಲಿ, ಅದೇ ಕಪಾಟಿನಲ್ಲಿತ್ತು.

ಅದನ್ನು ತೆಗೆದು ಲೆಕ್ಕ ಹಾಕಿದವರೂ ಆ ಬಿಳಿಯರೊಳಗಿನವರೇ. 1971ರಲ್ಲಿ ಜೆ. ಎ. ಹೀಸೆ, ಆಫ್ರಿಕಾನರ್, ಅಂದರೆ ಈ ವಲಸಿಗರ ವಂಶಸ್ಥರ, ಮೂಲದಲ್ಲಿ ಶೇ. 7ರಷ್ಟು ಯುರೋಪಿನದಲ್ಲದ ರಕ್ತವಿದೆ ಎಂದು ತೋರಿಸಿದರು. 1984ರಲ್ಲಿ ಎಚ್. ಎಫ್. ಹೀಸೆ, ಬಿಳಿಯರು ಮತ್ತು ಗುಲಾಮಮೂಲದವರ ನಡುವಿನ ಹಳೆಯ ಸಂಬಂಧಗಳನ್ನು ಹೆಸರು ಸಮೇತ ಪ್ರಕಟಿಸಿದಾಗ ಗದ್ದಲವೋ ಗದ್ದಲ. ತಮ್ಮ ಮನೆತನದ ಹೆಸರು ಆ ಪಟ್ಟಿಯಲ್ಲಿ ಕಂಡವರಿಗೆ ಮೈಯೆಲ್ಲ ಉರಿದಿತ್ತು. ಭೈರಪ್ಪನವರ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಯವರಿಗೆ ತಮ್ಮ ಹುಟ್ಟಿನ ಗುಟ್ಟು ಹೇಳುವ ಹಳೆಯ ಕಾಗದಗಳು ಕಣ್ಣಿಗೆ ಬಿದ್ದ ಗಳಿಗೆ ಇಡೀ ಒಂದು ಸಮುದಾಯಕ್ಕೆ ಒಟ್ಟಿಗೆ ಬಂದಿತ್ತು ಎನ್ನಬಹುದು. ಆದರೆ ಶ್ರೋತ್ರಿಯವರು ಮನೆ ಬಿಟ್ಟು ಹೊರಟರು, ಇಲ್ಲಿ ಹಾಗೇನೂ ಆಗಲಿಲ್ಲ.

ವಂಶಾವಳಿ ಬರೀ ಹೆಮ್ಮೆ, ನಾಚಿಕೆಯ ವಿಷಯವೆಂದು ತಿಳಿದಿದ್ದ ನನ್ನನ್ನು ಅಲುಗಿಸಿದ್ದು ಜೆಫ್ರಿ ಡೀನ್ ಎಂಬ ವೈದ್ಯರ ಕೆಲಸ. ಪೋರ್ಟ್ ಎಲಿಜಬೆತ್‌ನಲ್ಲಿದ್ದ ಅವರು 1950ರ ಆಸುಪಾಸಿನಲ್ಲಿ ಒಂದು ವಿಚಿತ್ರ ಗಮನಿಸಿದರು. ಬಾರ್ಬಿಟುರೇಟ್ ಎಂಬ ಸಾಮಾನ್ಯ ನಿದ್ದೆಯ ಔಷಧಿ ಕೊಟ್ಟರೆ ಕೆಲವರಿಗೆ ಕೈಕಾಲು ಸೋತು ಪ್ರಾಣಕ್ಕೇ ಬರುತ್ತಿತ್ತು. ಮೂತ್ರ ದ್ರಾಕ್ಷಾರಸದ ಬಣ್ಣಕ್ಕೆ ತಿರುಗುತ್ತಿತ್ತು. ಅಂಥವರ ಮುಂಗೈಯ ಚರ್ಮ ಬಿಸಿಲಿಗೆ ಗುಳ್ಳೆಯೆದ್ದು ಸುಲಿಯುತ್ತದೆ. ಪೋರ್ಫೀರಿಯಾ ಎಂಬ ರೋಗ. ಡೀನ್ ಮನೆಮನೆಗೆ ಹೋಗಿ ಕೈ ನೋಡಿದರು, "ನಿಮ್ಮ ತಂದೆಯ ಕೈ ಹೀಗಿತ್ತೇ, ತಾಯಿಯದೇ?" ಎಂದು ಕೇಳುತ್ತ ಹಿಂದಕ್ಕೆ ಹಿಂದಕ್ಕೆ ಸರಿದರು. ಡಿವಿಲಿಯರ್ಸರ ನಂಬರಿನ ಲೆಕ್ಕದಲ್ಲಿ ದಾರಿ ಕಡಿದುಹೋಗಿದ್ದ ಹೆಣ್ಣುಮಕ್ಕಳ ಸಂತತಿಯನ್ನೂ ಬಿಡುವ ಹಾಗಿರಲಿಲ್ಲ, ರೋಗಕ್ಕೆ ಗೋತ್ರದ ಕಟ್ಟಳೆಯಿಲ್ಲವಲ್ಲ. ಕೊನೆಗೆ ಎಲ್ಲ ಗೆರೆಗಳೂ 1688ರಲ್ಲಿ ಕೇಪಿನಲ್ಲಿ ನಡೆದ ಒಂದೇ ಮದುವೆಯಲ್ಲಿ ಕೂಡಿದವು. ಗಂಡು ಗೆರಿಟ್ ಯಾನ್ಸ್. ಹೆಣ್ಣು ಆರಿಯಾಂಚೆ ಯಾಕಬ್ಸ್, ವಲಸಿಗರಿಗೆ ಹೆಂಡತಿಯರು ಬೇಕೆಂದು ರಾಟರ್‌ಡ್ಯಾಮಿನ ಅನಾಥಾಲಯದಿಂದ ಹಡಗು ಹತ್ತಿಸಿದ ಹುಡುಗಿಯರಲ್ಲಿ ಒಬ್ಬಳು. ಹಿಂದೆಮುಂದೆ ಯಾರೂ ಇಲ್ಲದವಳ ಸಂತಾನವನ್ನು ವೈದ್ಯರೊಬ್ಬರು ಇನ್ನೂರೈವತ್ತಕ್ಕೂ ಹೆಚ್ಚು ವರ್ಷದುದ್ದಕ್ಕೆ ಎಣಿಸಿದರು. ಬಳಿಕ ಜೀನ್ ಪರೀಕ್ಷೆಯೂ ಅವರ ಮಾತನ್ನೇ ಖಚಿತಪಡಿಸಿತು.

ಇಷ್ಟಾದರೂ ಇದು ಕಾಗದ ಇದ್ದವರ ಕತೆ. ಕಂಪನಿ 1679ರಲ್ಲಿ ಕಟ್ಟಿಸಿದ ಗುಲಾಮರ ವಸತಿ ಈಗ ಕೇಪ್‌ಟೌನಿನಲ್ಲಿ ವಸ್ತುಸಂಗ್ರಹಾಲಯವಾಗಿದೆ. ಗುಲಾಮರಿಗೆ ಒಡೆಯರು ತಿಂಗಳ ಹೆಸರಿಡುತ್ತಿದ್ದರು. ಇಂದಿಗೂ ಅಲ್ಲಿ ಸೆಪ್ಟೆಂಬರ್, ಫೆಬ್ರವರಿ ಎಂಬ ಮನೆತನದವರಿದ್ದಾರೆ. ಬಿ3ಸಿ2 ಎಂದು ಅವರಿಗೆ ನಂಬರು ಹಾಕಲು ಎ ಎಂಬ ಮೂಲಪುರುಷ ಎಲ್ಲಿಂದ ಬರಬೇಕು?

ಪಟ್ಟಿಗಳಲ್ಲಿ 'ಮಲಬಾರಿನ' ಎಂದು ಬರೆಸಿಕೊಂಡವರೂ ಉಂಟು. ಡಚ್ಚರದೊಂದು ಕೋಠಿ ನಮ್ಮ ಬಸ್ರೂರಿನಲ್ಲೂ ಇತ್ತು. ಹಾಗಾದರೆ ಮಲಬಾರಿನವರೆಂದು ಬರೆಸಿಕೊಂಡವರಲ್ಲಿ ಕುಂದಾಪುರದ ಕಡೆಯ ಒಂದು ಜೀವವೂ ಇದ್ದಿರಬಹುದಲ್ಲವೇ ಎಂದು ಮನಸ್ಸು ಎಳೆಯುತ್ತದೆ. ಹಾಗೆ ಬರೆದರೆ ಓದುಗರಿಗೆ ರುಚಿಸುತ್ತದೆ ಕೂಡ. ಆದರೆ ನಮ್ಮ ಲೆಕ್ಕಿಗರ ಮುಂದೆ ಇಂಥದ್ದನ್ನು ಇಟ್ಟಿದ್ದರೆ ಕನ್ನಡಕದ ಮೇಲಿಂದ ನೋಡಿ ಕಾಗದ ವಾಪಸು ಕೊಡುತ್ತಿದ್ದರು.

ಆಂಜೆಲಾ ಎಂಬುದು ಕೂಡ ಕ್ರೈಸ್ತರು ಇಟ್ಟ ಹೆಸರು. ಅವಳನ್ನು ಯಾರಿಗೆ ಮಾರಿದರು, ಯಾವಾಗ ಬಿಟ್ಟರು, ನಿವೇಶನ ಎಲ್ಲಿ, ಸತ್ತಾಗ ಮನೆಯಲ್ಲಿ ಏನೇನಿತ್ತು ಎಂದು ಬರೆದುಕೊಂಡ ಗುಮಾಸ್ತರಲ್ಲಿ ಒಬ್ಬನೂ, ಬಂಗಾಳದಲ್ಲಿ ನಿಮ್ಮಮ್ಮ ನಿನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಕೇಳಿ ಬರೆದುಕೊಂಡಿಲ್ಲ.