ಒಂದೇ ಖರ್ಚಿನಲ್ಲಿ ಎರಡು ಮಕ್ಕಳು: ಲೆಕ್ಕ ತಪ್ಪುವುದೆಲ್ಲಿ?

ಸಿಂಹಾಚಲಂ: ವಿಶಾಖಪಟ್ಟಣದ ಸಿಂಹಾಚಲ ಬೆಟ್ಟದ ಶ್ರೀ ವರಾಹ ಲಕ್ಷ್ಮೀನರಸಿಂಹ ಸ್ವಾಮಿಯ ಸನ್ನಿಧಿ ಕನ್ನಡಿಗರಿಗೆ ಹೊಸದೇನಲ್ಲ. ಕಳಿಂಗ ದಂಡಯಾತ್ರೆಯ ಸಮಯದಲ್ಲಿ, 1516ರಲ್ಲಿ ಶ್ರೀಕೃಷ್ಣದೇವರಾಯ ಇಲ್ಲಿಗೆ ಬಂದು ಆಭರಣಗಳನ್ನು ಒಪ್ಪಿಸಿದ್ದಕ್ಕೆ ಶಾಸನದ ಆಧಾರವಿದೆ. ದೇಗುಲದ ಕಪ್ಪಸ್ತಂಭದ ಬುಡದಲ್ಲಿ ಸಂತಾನಗೋಪಾಲ ಯಂತ್ರವಿದೆ ಎಂಬುದು ಭಕ್ತರ ನಂಬಿಕೆ. ಮಕ್ಕಳಿಲ್ಲದ ದಂಪತಿಗಳು ಈ ಕಂಬವನ್ನು ಅಪ್ಪಿಕೊಂಡು ಹರಕೆ ಹೊರುತ್ತಾರೆ. ಕಪ್ಪವೆಂದರೆ ಕಾಣಿಕೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂದು ಹರಕೆ ಹೊತ್ತವರಲ್ಲಿ ಹಲವರು ಬೆಟ್ಟ ಇಳಿದು ಬಂಜೆತನ ಚಿಕಿತ್ಸಾ ಕೇಂದ್ರದ ಬಾಗಿಲನ್ನೂ ತಟ್ಟುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನೌಕರಿಗಾಗಿ ಊರು ಬಿಟ್ಟವರಲ್ಲಿ ಮದುವೆ ತಡವಾಗುವುದು, ಮಗು ಇನ್ನೂ ತಡವಾಗುವುದು ಈಗ ಸಾಮಾನ್ಯ. ಆದರೆ ಚಿಕಿತ್ಸೆಗೆ ಹೊರಟ ಮನೆಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತದೆ: "ಹೇಗೂ ಇಷ್ಟು ಖರ್ಚಾಗುತ್ತದೆ, ಅವಳಿಯೇ ಆಗಲಿ, ಎರಡೂ ಒಟ್ಟಿಗೆ ಮುಗಿದುಹೋಗಲಿ." ಈ ಆಸೆಯನ್ನೇ ಇಲ್ಲಿ ಪರಿಶೀಲಿಸಬೇಕಾಗಿದೆ.

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತದೆ ಎಂದು ನಮ್ಮ ಹಿರಿಯರು ಹೆದರಿಸುತ್ತಿದ್ದರು. ಹಣ್ಣಿಗೂ ಅವಳಿಗೂ ಸಂಬಂಧವಿಲ್ಲ. ಒಂದೇ ಭ್ರೂಣ ಒಡೆದು ಎರಡಾಗುವ ತದ್ರೂಪಿ ಅವಳಿಗಳು ಜಗತ್ತಿನ ಎಲ್ಲೆಡೆ ಸುಮಾರು ಒಂದೇ ಪ್ರಮಾಣದಲ್ಲಿ, ಅಂದರೆ ಸಾವಿರ ಹೆರಿಗೆಗೆ ಮೂರ್ನಾಲ್ಕು ಹುಟ್ಟುತ್ತವೆ. ಎರಡು ಅಂಡಾಣುಗಳಿಂದ ಆಗುವ ಅವಳಿಗಳ ವಿಷಯ ಬೇರೆ. ಅದಕ್ಕೆ ತಾಯಿಯ ಕಡೆಯ ವಂಶ ಮತ್ತು ತಾಯಿಯ ವಯಸ್ಸು ಕಾರಣವಾಗುತ್ತವೆ. ದಕ್ಷಿಣ ಏಷ್ಯಾದಲ್ಲಿ ಸಹಜವಾಗಿ ಅವಳಿ ಹುಟ್ಟುವ ಪ್ರಮಾಣ ಆಫ್ರಿಕಾದ ಹಲವು ದೇಶಗಳಿಗಿಂತ ಬಹಳ ಕಡಿಮೆ. ಹೀಗಿದ್ದೂ 1980ರ ದಶಕದ ಆರಂಭದಲ್ಲಿ ಜಗತ್ತಿನಲ್ಲಿ ಸಾವಿರ ಹೆರಿಗೆಗೆ 9.1ರಷ್ಟಿದ್ದ ಅವಳಿ ಹೆರಿಗೆ 2010-15ರ ಹೊತ್ತಿಗೆ 12ಕ್ಕೆ ಏರಿತು. ಸಂತಾನ ಚಿಕಿತ್ಸೆ ಹಾಗೂ ತಡವಾಗಿ ತಾಯಂದಿರಾಗುವುದು ಇದಕ್ಕೆ ಮುಖ್ಯ ಕಾರಣಗಳೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಗುರುತಿಸಿದೆ.

ಚಿಕಿತ್ಸೆಯಲ್ಲಿ ಅವಳಿ ಆಗುವುದು ಎರಡು ದಾರಿಗಳಿಂದ. ಮೊದಲನೆಯದು ಅಂಡಾಣು ಬೆಳೆಸುವ ಔಷಧಿ. ಕ್ಲೊಮಿಫೀನ್ ಮಾತ್ರೆಯಿಂದ ಗರ್ಭ ಧರಿಸಿದವರಲ್ಲಿ ನೂರಕ್ಕೆ 5ರಿಂದ 8 ಮಂದಿಗೆ ಅವಳಿ ಆಗುವುದುಂಟು. ಹಾರ್ಮೋನ್ ಚುಚ್ಚುಮದ್ದಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು, ಎಷ್ಟು ಅಂಡಾಣು ಬಿಡುಗಡೆಯಾಗುತ್ತದೆ ಎಂಬುದರ ಮೇಲೆ ಹಿಡಿತವೂ ಕಡಿಮೆ. ಎರಡನೆಯ ದಾರಿ ಐವಿಎಫ್, ಅಂದರೆ ಪ್ರಣಾಳ ಶಿಶು ಚಿಕಿತ್ಸೆ. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡ ಈ ವಿಧಾನದಿಂದ ಹೆರಿಗೆ ಮಾಡಿಸಿದಾಗ ಅದು ದೇಶಕ್ಕೇ ಸುದ್ದಿಯಾಗಿತ್ತು. ಇಲ್ಲಿ ಅವಳಿಯ ಸಂಭವವನ್ನು ಬಹುಮಟ್ಟಿಗೆ ನಿರ್ಧರಿಸುವುದು ಗರ್ಭಕೋಶಕ್ಕೆ ಎಷ್ಟು ಭ್ರೂಣ ಸೇರಿಸುತ್ತಾರೆ ಎಂಬ ಸಂಖ್ಯೆ. ಒಂದೇ ಸೇರಿಸಿದರೆ ಅವಳಿ ನೂರಕ್ಕೆ ಒಂದೆರಡು ಮಾತ್ರ. ಎರಡು ಸೇರಿಸಿದರೆ ಹುಟ್ಟುವ ಪ್ರತಿ ಮೂರು ನಾಲ್ಕು ಹೆರಿಗೆಗಳಲ್ಲಿ ಒಂದು ಅವಳಿ.

ಎರಡು ಹಾಕಿದರೆ ಗರ್ಭ ನಿಲ್ಲುವ ಖಾತರಿಯೂ ದುಪ್ಪಟ್ಟು ಎಂದು ಬಹುತೇಕರು ತಿಳಿದಿದ್ದಾರೆ. ಲೆಕ್ಕ ತಪ್ಪುವುದು ಇಲ್ಲೇ. ಸ್ವೀಡನ್ನಿನಲ್ಲಿ 36 ವರ್ಷದೊಳಗಿನ 661 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲ 2004ರಲ್ಲಿ ಪ್ರಕಟವಾಯಿತು. ಒಮ್ಮೆಗೇ ಎರಡು ಭ್ರೂಣ ಪಡೆದವರಲ್ಲಿ ಶೇ. 42.9 ಮಂದಿಗೆ ಜೀವಂತ ಮಗು ಹುಟ್ಟಿತು. ಮೊದಲು ಒಂದು, ಅದು ನಿಲ್ಲದಿದ್ದರೆ ಶೀತಲೀಕರಿಸಿಟ್ಟ ಇನ್ನೊಂದು ಎಂಬ ಕ್ರಮ ಅನುಸರಿಸಿದವರಲ್ಲಿ ಶೇ. 38.8. ಅಂತರ ಇಷ್ಟೇ. ಆದರೆ ಆ ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಮಗು ಹುಟ್ಟಿದ್ದು ಮೊದಲ ಗುಂಪಿನಲ್ಲಿ ಶೇ. 33.1, ಎರಡನೆಯದರಲ್ಲಿ ಶೇ. 0.8. ಆ ದೇಶ 2003ರಿಂದಲೇ ಸಾಮಾನ್ಯವಾಗಿ ಒಂದೇ ಭ್ರೂಣ ಎಂಬ ನಿಯಮ ತಂದಿದೆ.

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತೂಕ ಕಡಿಮೆ, ಉಸಿರಾಟದ ತೊಂದರೆ, ಎನ್‌ಐಸಿಯುದಲ್ಲಿ ವಾರಗಟ್ಟಲೆ ವಾಸ. ತಾಯಿಗೆ ರಕ್ತದೊತ್ತಡ ಏರುವ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗುವ ಅಪಾಯವೂ ಜಾಸ್ತಿ. ಐವಿಎಫ್ ಒಂದು ಸುತ್ತಿಗೆ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷ ರೂಪಾಯಿ ಸಾಮಾನ್ಯವಾಗಿರುವಾಗ ಎರಡನೇ ಸುತ್ತು ಉಳಿಸಬೇಕೆಂಬ ಆತುರ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಉಳಿಸಿದ ಆ ಹಣ ಎನ್‌ಐಸಿಯು ಬಿಲ್ಲಿಗೆ ಸಾಲುತ್ತದೆಯೇ ಎಂದು ಕೂತು ಲೆಕ್ಕ ಹಾಕುವವರು ಕಡಿಮೆ.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ಕಷ್ಟವಿದೆ. ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ಪದ್ಧತಿ. ವಿಶಾಖಪಟ್ಟಣದಿಂದ ಮಂಗಳೂರು ಕಡೆಗೆ ರೈಲಿನಲ್ಲಿ ಒಂದು ದಿನ ಮೀರಿದ ಪಯಣ. ಅವಳಿ ಗರ್ಭಿಣಿಗೆ ಏಳನೇ ತಿಂಗಳಲ್ಲಿ ಅಷ್ಟು ದೂರ ಹೋಗಲು ವೈದ್ಯರು ಸುಲಭವಾಗಿ ಒಪ್ಪುವುದಿಲ್ಲ. ವಯಸ್ಸಾದ ಅಮ್ಮನೋ ಅತ್ತೆಯೋ ಇಲ್ಲಿಗೇ ಬರಬೇಕು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎರಡು ಹಸುಗೂಸು, ಎರಡು ಗಂಟೆಗೊಮ್ಮೆ ಹಾಲು, ಗಂಡನಿಗೆ ಶಿಫ್ಟ್ ಡ್ಯೂಟಿ. ಸಲಹೆ ಕೊಡುವ ಬಂಧುಗಳು ಆಗ ಫೋನಿನಲ್ಲಿ ಮಾತ್ರ ಸಿಗುತ್ತಾರೆ.

ಆಂಧ್ರದಲ್ಲಿ ಈ ವಿಷಯ ಮತ್ತೆ ಮತ್ತೆ ಸುದ್ದಿಯಾಗುತ್ತಲೇ ಇದೆ. ವಿಜಯವಾಡದ ಪಕ್ಕದ ಗುಂಟೂರಿನಲ್ಲಿ 2019ರ ಸೆಪ್ಟೆಂಬರ್ 5ರಂದು ಎಪ್ಪತ್ತು ದಾಟಿದ ಮಹಿಳೆಯೊಬ್ಬರು, ದಾನಿಯ ಅಂಡಾಣು ಬಳಸಿದ ಐವಿಎಫ್‌ನಿಂದ ಅವಳಿ ಹೆಣ್ಣು ಮಕ್ಕಳಿಗೆ ಜನ್ಮವಿತ್ತರು. ಮದುವೆಯಾಗಿ ಅರ್ಧ ಶತಮಾನ ಮಕ್ಕಳಿಲ್ಲದೆ ಮಾತು ಕೇಳಿದ್ದ ಆ ತಾಯಿಯ ಸಂತೋಷವನ್ನು ಯಾರೂ ಪ್ರಶ್ನಿಸಲಾರರು. ಆದರೆ ಆ ವಯಸ್ಸಿನಲ್ಲಿ ಅಂಥ ಚಿಕಿತ್ಸೆ ಕೊಟ್ಟದ್ದನ್ನು ಈ ಕ್ಷೇತ್ರದ ವೈದ್ಯರೇ ಆಕ್ಷೇಪಿಸಿದರು. ಅಂದು ವಯಸ್ಸಿಗೆ ಕಾನೂನಿನ ತಡೆ ಇರಲಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಮಹಿಳೆಗೆ 50, ಪುರುಷರಿಗೆ 55 ವರ್ಷದ ಮಿತಿ ಹಾಕಿದೆ, ಚಿಕಿತ್ಸಾ ಕೇಂದ್ರಗಳ ನೋಂದಣಿ ಕಡ್ಡಾಯ ಮಾಡಿದೆ. ಬಾಡಿಗೆ ತಾಯ್ತನದ 2022ರ ನಿಯಮಗಳಂತೂ ಒಂದು ಸುತ್ತಿಗೆ ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ ಎಂದು ಹೇಳುತ್ತವೆ.

ಕಾನೂನಿದ್ದರೂ ಮೋಸ ನಿಂತಿಲ್ಲವೆಂಬುದಕ್ಕೆ 2025ರ ಜುಲೈ ತಿಂಗಳ ಪ್ರಕರಣ ಸಾಕ್ಷಿ. ಬಾಡಿಗೆ ತಾಯಿಯಿಂದ ಹುಟ್ಟಿದ್ದೆಂದು ವಿಶಾಖಪಟ್ಟಣದಲ್ಲಿ ದಂಪತಿಯ ಕೈಗಿತ್ತ ಮಗು ಅವರದ್ದಲ್ಲವೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದ ಮೇಲೆ, ಹೈದರಾಬಾದ್ ಪೊಲೀಸರು ಸಿಕಂದರಾಬಾದಿನ ಚಿಕಿತ್ಸಾ ಕೇಂದ್ರವೊಂದರ ವೈದ್ಯೆಯನ್ನು ಬಂಧಿಸಿದರು. ದಂಪತಿಯಿಂದ ಮೂವತ್ತು ಲಕ್ಷಕ್ಕೂ ಮಿಕ್ಕಿ ಹಣ ಪಡೆದ ಆರೋಪವಿದೆ. ನೋಂದಾಯಿತ ಕೇಂದ್ರಗಳ ವಿವರ ರಾಷ್ಟ್ರೀಯ ನೋಂದಣಿಯಲ್ಲಿ ಸಿಗುತ್ತದೆ. ಮುಂಗಡ ಕಟ್ಟುವ ಮೊದಲು ಅದನ್ನು ನೋಡುವುದು ಒಳ್ಳೆಯದು.

ಇನ್ನೊಂದೆಡೆ ಸರಕಾರದ ಧೋರಣೆಯೇ ತಿರುಗಿದೆ. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ಹಳೆಯ ನಿಯಮವನ್ನು ಆಂಧ್ರ ವಿಧಾನಸಭೆ 2024ರ ನವೆಂಬರಿನಲ್ಲಿ ಕೈಬಿಟ್ಟಿತು. ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರುವಂತೆ ಬಹಿರಂಗವಾಗಿಯೇ ಕರೆ ಕೊಟ್ಟಿದ್ದಾರೆ. ಮಕ್ಕಳು ಬೇಕೆನ್ನುವ ಸರಕಾರ ಮಗುವಿಗಾಗಿ ಸಾಲ ಮಾಡುವವರ ಕಡೆಗೂ ನೋಡಬೇಕಲ್ಲವೇ? ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2023ರಲ್ಲಿ ಉಚಿತ ಐವಿಎಫ್ ಆರಂಭವಾಯಿತು. ಕೇಂದ್ರ ಸರಕಾರಿ ನೌಕರರಿಗೆ ಸಿಜಿಎಚ್‌ಎಸ್ ಯೋಜನೆಯಲ್ಲಿ ಷರತ್ತುಗಳಿಗೆ ಒಳಪಟ್ಟು ಸ್ವಲ್ಪ ಖರ್ಚು ಮರಳಿ ಸಿಗುವ ಅವಕಾಶವಿದೆ. ಖಾಸಗಿ ಕಂಪನಿಯಲ್ಲಿ ದುಡಿಯುವ ಹೆಚ್ಚಿನವರಿಗೆ ಇದಾವುದೂ ಇಲ್ಲ. ಪ್ರತಿ ಸುತ್ತಿನ ಖರ್ಚು ಕೈಯಿಂದಲೇ ಹೋಗುವವರೆಗೆ "ಎರಡು ಹಾಕಿಬಿಡಿ ಡಾಕ್ಟ್ರೇ" ಎಂಬ ಒತ್ತಾಯವೂ ಇರುತ್ತದೆ, ಯಶಸ್ಸಿನ ಅಂಕಿ ತೋರಿಸಬೇಕಾದ ಕೇಂದ್ರಗಳಿಗೂ ಅದು ಅನುಕೂಲವೇ.

ವಯಸ್ಸು ಮೀರಿದವರಿಗೆ, ಹಿಂದೆ ಕೆಲವು ಸುತ್ತು ವಿಫಲವಾದವರಿಗೆ ವೈದ್ಯರು ಎರಡು ಭ್ರೂಣ ಸೂಚಿಸುವುದಕ್ಕೆ ಕಾರಣಗಳಿರಬಹುದು. ಆದರೆ ಮೂವತ್ತರ ಆಸುಪಾಸಿನ, ಒಳ್ಳೆಯ ಭ್ರೂಣಗಳಿರುವ ದಂಪತಿ ಎರಡು ಯಾಕೆ ಎಂದು ಕೇಳಲೇಬೇಕು. ಕಾಯ್ದೆಯ ಪ್ರಕಾರ ಲಿಖಿತ ಒಪ್ಪಿಗೆ ಇಲ್ಲದೆ ಚಿಕಿತ್ಸೆ ನಡೆಸುವಂತಿಲ್ಲ. ಸಹಿ ಹಾಕುವ ಮೊದಲು ಎಷ್ಟು ಭ್ರೂಣ ಎಂಬುದನ್ನು ಆ ಕಾಗದದಲ್ಲೇ ಬರೆಸಿಕೊಳ್ಳಬಹುದು. ಉಳಿದ ಭ್ರೂಣಗಳನ್ನು ದಂಪತಿಯ ಒಪ್ಪಿಗೆಯಿಂದ ಶೀತಲೀಕರಿಸಿ ಹತ್ತು ವರ್ಷದವರೆಗೆ ಇಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಮೊದಲ ಮಗು ಶಾಲೆಗೆ ಸೇರಿದ ಮೇಲೂ ಎರಡನೆಯದಕ್ಕೆ ಸಮಯ ಉಳಿದಿರುತ್ತದೆ.