ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್: ಅವಸರ ಯಾರದು, ಅಪಾಯ ಯಾರಿಗೆ?

ಮುಂಬಯಿ: ಥಾಣೆ ದಾಟಿ ನಾಸಿಕ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ರಸ್ತೆಯ ಇಕ್ಕೆಲಗಳಲ್ಲೂ ಕಾಣಸಿಗುವುದು ಗೋದಾಮುಗಳ ಸಾಲು. ಒಂದು ಕಾಲದಲ್ಲಿ ವಿದ್ಯುತ್ ಮಗ್ಗಗಳ ಊರೆಂದೇ ಹೆಸರಾಗಿದ್ದ ಭಿವಂಡಿ ಇಂದು ದೇಶದ ಅತಿ ದೊಡ್ಡ ಗೋದಾಮು ಕೇಂದ್ರಗಳಲ್ಲೊಂದು. ಮುಂಬಯಿಯ ಜಕಾತಿ ಗಡಿಯ ಹೊರಗೆ ಸರಕು ಇರಿಸಿ, ಬೇಕಾದಷ್ಟನ್ನೇ ಒಳತರುವ ಲೆಕ್ಕಾಚಾರದಿಂದ ಇಲ್ಲಿ ಗೋದಾಮುಗಳು ಬೆಳೆದವು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಜಕಾತಿ ಹೋಯಿತು. ಆದರೆ ಗೋದಾಮುಗಳು ಕಡಿಮೆಯಾಗಲಿಲ್ಲ. ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಳ್ಳುವ ಅಗತ್ಯ ತಪ್ಪಿದ್ದರಿಂದ ಕಂಪೆನಿಗಳು ದೊಡ್ಡ ಗೋದಾಮುಗಳತ್ತ ಹೊರಳಿದವು. ಆನ್‌ಲೈನ್ ವ್ಯಾಪಾರ ಇದಕ್ಕೆ ಇನ್ನಷ್ಟು ಬಲ ನೀಡಿತು.

ಗೋದಾಮು ದೊಡ್ಡದಾದಂತೆ ಅದರೊಳಗಿನ ಕೆಲಸದ ಸ್ವರೂಪವೂ ಬದಲಾಗಿದೆ. ಬೆನ್ನ ಮೇಲೆ ಮೂಟೆ ಹೊರುವ ಮಾಥಾಡಿ, ಹಮಾಲರಿಗಾಗಿ ಮಹಾರಾಷ್ಟ್ರ ಸರಕಾರ 1969ರಲ್ಲೇ ಪ್ರತ್ಯೇಕ ಕಾಯಿದೆ ತಂದಿತ್ತು. ಇಂದು ಆ ಹೊರೆಯ ದೊಡ್ಡ ಪಾಲನ್ನು ಫೋರ್ಕ್‌ಲಿಫ್ಟ್ ಹೊರುತ್ತಿದೆ. ಒಂದು ಪ್ಯಾಲೆಟ್ ಸರಕನ್ನು ನಿಮಿಷಗಳಲ್ಲಿ ಲಾರಿಯಿಂದ ಇಳಿಸಿ, ಆಳೆತ್ತರಕ್ಕಿಂತ ಎಷ್ಟೋ ಮೇಲಿರುವ ರ್‍ಯಾಕಿನಲ್ಲಿ ಇರಿಸಬಲ್ಲ ಯಂತ್ರವಿದು. ಬೆನ್ನಿನ ಭಾರ ಇಳಿದದ್ದು ಸಂತೋಷವೇ. ಆದರೆ ಅದರ ಜತೆಗೆ ಬಂದ ಹೊಸ ಅಪಾಯದ ಬಗ್ಗೆ ಎಷ್ಟು ಚರ್ಚೆಯಾಗಬೇಕಿತ್ತೋ ಅಷ್ಟು ಆಗಿಲ್ಲ.

2023ರ ಏಪ್ರಿಲ್ 29ರಂದು ಭಿವಂಡಿಯ ಮಾಣಕೋಲಿ ಪರಿಸರದಲ್ಲಿ ಗೋದಾಮಿದ್ದ ಕಟ್ಟಡವೊಂದು ಕುಸಿದು ಹಲವರು ಮೃತಪಟ್ಟಾಗ ದೇಶವೆಲ್ಲ ಇತ್ತ ನೋಡಿತು. ಆದರೆ ಚಕ್ರದಡಿ ಪಾದ ಜಜ್ಜಿ ಹೋದವನ, ಲಾರಿಗೂ ಯಂತ್ರಕ್ಕೂ ನಡುವೆ ಸಿಲುಕಿದವನ ಸುದ್ದಿ ಗೋದಾಮಿನ ಗೇಟು ದಾಟಿ ಹೊರಬರುವುದು ಅಪರೂಪ.

ಕಾರಿನಂತಲ್ಲ ಈ ಯಂತ್ರ

ಫೋರ್ಕ್‌ಲಿಫ್ಟನ್ನು ಸಣ್ಣ ವಾಹನವೆಂದು ತಿಳಿಯುವುದೇ ಮೊದಲ ತಪ್ಪು. ಮೂರು ಟನ್ ಎತ್ತುವ ಯಂತ್ರದ ಸ್ವಂತ ತೂಕವೇ ನಾಲ್ಕು ಟನ್‌ಗಿಂತ ಹೆಚ್ಚು. ಅದು ತಕ್ಕಡಿಯಿದ್ದಂತೆ. ಮುಂದಿನ ಚಕ್ರ ನಡುವಿನ ಆಧಾರ, ಒಂದು ಕಡೆ ಸರಕು, ಇನ್ನೊಂದು ಕಡೆ ಯಂತ್ರದ ಹಿಂಬದಿಯ ತೂಕ. ಸರಕು ಯಂತ್ರದಿಂದ ದೂರಕ್ಕೆ ಚಾಚಿಕೊಂಡಷ್ಟೂ ಎತ್ತುವ ಸಾಮರ್ಥ್ಯ ಕಡಿಮೆಯಾಗುತ್ತದೆ. ಮೂರು ಟನ್ ಎಂಬ ಫಲಕ ನೋಡಿ ಉದ್ದನೆಯ ಪೆಟ್ಟಿಗೆ ಎತ್ತಿದರೆ ತಕ್ಕಡಿ ಮುಂದಕ್ಕೆ ವಾಲುತ್ತದೆ. ಸರಕನ್ನು ಮೇಲೆತ್ತಿಕೊಂಡೇ ತಿರುಗಿಸಿದರೆ ಪಕ್ಕಕ್ಕೆ ಉರುಳುತ್ತದೆ.

ಇನ್ನೊಂದು ವಿಶೇಷವೆಂದರೆ ಇಲ್ಲಿ ತಿರುಗುವುದು ಹಿಂದಿನ ಚಕ್ರಗಳು. ಚಾಲಕ ಎಡಕ್ಕೆ ತಿರುಗಿಸಿದರೆ ಯಂತ್ರದ ಹಿಂಭಾಗ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತು ಸರಕು ಎಣಿಸುವ ಹುಡುಗನಿಗೆ ಪೆಟ್ಟು ಬೀಳುವುದು ಹೀಗೆಯೇ. ಗಂಟೆಗೆ 10 ಕಿ.ಮೀ. ವೇಗವೆಂದರೆ ನಮಗೆ ನಿಧಾನವೆನಿಸಬಹುದು. ಆದರೆ ಆ ವೇಗದಲ್ಲಿ ಚಾಲಕ ಕಣ್ಣಿಂದ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡರೂ ಯಂತ್ರ ಸುಮಾರು ಮೂರು ಮೀಟರ್ ಮುಂದೆ ಹೋಗಿರುತ್ತದೆ. ಬ್ಯಾಟರಿ ಚಾಲಿತ ಯಂತ್ರಗಳಿಂದ ಹೊಗೆಯ ಕಾಟ ತಪ್ಪಿದೆ, ನಿಜ. ಆದರೆ ಅವುಗಳ ಸದ್ದೂ ಕಡಿಮೆಯಾದ್ದರಿಂದ ಹಿಂದಿನಿಂದ ಬಂದದ್ದು ತಿಳಿಯುವುದಿಲ್ಲ.

ಕಾಯಿದೆಯ ನಡುವಿನ ಕಂಡಿ

ರಸ್ತೆಯಲ್ಲಿ ಸ್ಕೂಟರ್ ಓಡಿಸಲೂ ಲೈಸೆನ್ಸ್ ಬೇಕು. ಆದರೆ 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯ ಪ್ರಕಾರ ಕಾರ್ಖಾನೆ ಅಥವಾ ಆವರಣದ ಒಳಗಷ್ಟೇ ಬಳಸಲು ಮಾಡಿದ ವಿಶೇಷ ವಾಹನ 'ಮೋಟಾರು ವಾಹನ' ಆಗುವುದಿಲ್ಲ. ಹೀಗಾಗಿ ಗೋದಾಮಿನೊಳಗೆ ಫೋರ್ಕ್‌ಲಿಫ್ಟ್ ಓಡಿಸುವವನ ಅರ್ಹತೆ ಬಹುಮಟ್ಟಿಗೆ ಮಾಲಕರ ವಿವೇಚನೆಗೆ ಬಿಟ್ಟ ವಿಷಯ. 1948ರ ಕಾರ್ಖಾನೆ ಕಾಯಿದೆಯೂ ಉತ್ಪಾದನೆ ನಡೆಯುವ ಸ್ಥಳಕ್ಕೆ ಸಂಬಂಧಿಸಿದ್ದಾಗಿತ್ತು. ಪ್ಯಾಕಿಂಗ್ ಮತ್ತು ಶೀತಲಗೃಹ ಅದರ ವ್ಯಾಪ್ತಿಗೆ ಬರುತ್ತಿದ್ದವಾದರೂ, ಸರಕು ಇರಿಸಿ ಕಳುಹಿಸುವುದಷ್ಟೇ ಕೆಲಸವಾಗಿದ್ದ ಗೋದಾಮುಗಳು ಸಾಮಾನ್ಯವಾಗಿ ಹೊರಗೇ ಉಳಿದವು.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಿಂದ ಈ ಚಿತ್ರ ಬದಲಾಗಬೇಕಾಗಿದೆ. ಔದ್ಯೋಗಿಕ ಸುರಕ್ಷತೆಯ ಸಂಹಿತೆ ಉತ್ಪಾದನೆಗಷ್ಟೇ ಸೀಮಿತವಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ವ್ಯಾಪಾರ ಸಂಸ್ಥೆಗಳಿಗೂ ಅದು ಅನ್ವಯವಾಗುತ್ತದೆ. ಕಾರ್ಮಿಕನಿಗೆ ನೇಮಕ ಪತ್ರ ನೀಡುವುದು, ಅಪಾಯವಿಲ್ಲದ ಕೆಲಸದ ಸ್ಥಳ ಒದಗಿಸುವುದು ಮಾಲಕರ ಕರ್ತವ್ಯವೆಂದು ಅದು ಹೇಳುತ್ತದೆ.

ಆದರೆ ಮಾಲಕ ಯಾರು ಎಂಬಲ್ಲೇ ತೊಡಕಿದೆ. ಸರಕು ಒಬ್ಬರದು, ಕಟ್ಟಡ ಇನ್ನೊಬ್ಬರದು, ನಿರ್ವಹಣೆ ಮತ್ತೊಂದು ಕಂಪೆನಿಯದು, ಫೋರ್ಕ್‌ಲಿಫ್ಟ್ ಬಾಡಿಗೆಯದು, ಆಳು ಗುತ್ತಿಗೆದಾರನವನು. ಅವಘಡವಾದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಗಂಟೆಗೆ ಎಷ್ಟು ಲಾರಿ ಎಂಬ ಅವಸರ ಮೇಲಿನವರದು, ಅದರ ಅಪಾಯ ಮಾತ್ರ ಕೆಳಗಿನವನದು.

ಅಮೆರಿಕದಲ್ಲಿ 1999ರಿಂದ ಇರುವ ನಿಯಮವನ್ನು ಇಲ್ಲಿ ಗಮನಿಸಬಹುದು. ಅಲ್ಲಿ 18 ವರ್ಷ ತುಂಬದವರು ಈ ಯಂತ್ರ ಓಡಿಸುವಂತಿಲ್ಲ. ಚಾಲಕನಿಗೆ ಪಾಠವನ್ನೂ, ಅವನು ಕೆಲಸ ಮಾಡುವ ಸ್ಥಳದಲ್ಲೇ ಪ್ರಾಯೋಗಿಕ ತರಬೇತಿಯನ್ನೂ ಕೊಟ್ಟು ಪರೀಕ್ಷಿಸಬೇಕು. ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಅಪಘಾತವಾದರೆ, ಸ್ವಲ್ಪದರಲ್ಲೇ ತಪ್ಪಿದರೂ ಕೂಡ, ಮರುತರಬೇತಿ ಕಡ್ಡಾಯ. ಇಷ್ಟನ್ನು ಪಾಲಿಸಲು ನಮ್ಮಲ್ಲಿ ಇನ್ನೊಂದು ಕಾಯಿದೆಗಾಗಿ ಕಾಯಬೇಕಾಗಿಲ್ಲ.

ಸುರಕ್ಷತೆಯಿಂದ ಕೆಲಸ ನಿಧಾನವೇ?

ಸುರಕ್ಷತೆ ಎಂದರೆ ಕೆಲಸ ನಿಧಾನವಾಗುತ್ತದೆ ಎಂಬ ಅಭಿಪ್ರಾಯ ಅನೇಕ ಗೋದಾಮುಗಳಲ್ಲಿದೆ. ವಾಸ್ತವದಲ್ಲಿ ಸಮಯ ಹೋಗುವುದು ಚಾಲಕನ ನಿಧಾನದಿಂದಲ್ಲ. ಜನರ ನಡುವೆ ದಾರಿ ಮಾಡಿಕೊಳ್ಳುವುದರಲ್ಲಿ, ಒಂದೇ ಪ್ಯಾಲೆಟನ್ನು ಎರಡೆರಡು ಬಾರಿ ಎತ್ತಿಡುವುದರಲ್ಲಿ, ಬಿದ್ದು ಒಡೆದ ಸರಕಿನ ಲೆಕ್ಕ ಬರೆಯುವುದರಲ್ಲಿ ಸಮಯ ಹೋಗುತ್ತದೆ. ನಡೆಯುವವರಿಗೊಂದು, ಯಂತ್ರಕ್ಕೊಂದು ಎಂದು ನೆಲದ ಮೇಲೆ ಹಳದಿ ಬಣ್ಣ ಬಳಿದು ದಾರಿ ಬೇರ್ಪಡಿಸಿದರೆ, ಸಾಧ್ಯವಿದ್ದಲ್ಲಿ ನಡುವೆ ಕಬ್ಬಿಣದ ಬೇಲಿ ಹಾಕಿದರೆ, ಎರಡೂ ಕೆಲಸ ಸರಾಗವಾಗುತ್ತದೆ. ಹೆಚ್ಚು ಓಡುವ ಸರಕನ್ನು ಲಾರಿ ನಿಲ್ಲುವ ಜಾಗದ ಸಮೀಪ ಇರಿಸಿದರೆ ಯಂತ್ರದ ಓಡಾಟವೇ ಕಡಿಮೆಯಾಗುತ್ತದೆ. ಓಡಾಟ ಕಡಿಮೆಯಾದಷ್ಟೂ ಅಪಾಯವೂ ಕಡಿಮೆ, ಇಂಧನದ ಖರ್ಚೂ ಕಡಿಮೆ.

ಖರ್ಚಿಲ್ಲದ ಕ್ರಮಗಳೂ ಇವೆ. ಲಾರಿ ಖಾಲಿಯಾಗುವ ತನಕ ಅದರ ಕೀಲಿಯನ್ನು ಮೇಲ್ವಿಚಾರಕ ತನ್ನಲ್ಲಿ ಇಟ್ಟುಕೊಳ್ಳುವುದು ಅವುಗಳಲ್ಲೊಂದು. ಯಂತ್ರ ಒಳಗಿರುವಾಗಲೇ ಲಾರಿ ಹೊರಟರೆ ಆಗುವ ಅನಾಹುತ ಇದರಿಂದ ತಪ್ಪುತ್ತದೆ. ಪಾಳಿ ಆರಂಭವಾಗುವ ಮೊದಲು ಬ್ರೇಕ್, ಹಾರ್ನ್, ಟಯರ್, ಸರಪಳಿ ನೋಡಲು ಐದು ನಿಮಿಷ ಸಾಕು. ಯಂತ್ರ ತಾಗಿ ಬಾಗಿದ ರ್‍ಯಾಕಿನ ಕಂಬವನ್ನು ಮುಚ್ಚಿಡದೆ ತಿಳಿಸುವ ಧೈರ್ಯ ಚಾಲಕನಿಗಿರಬೇಕು. ಅದಕ್ಕೆ ಅವನ ಸಂಬಳ ಕಡಿಯುವ ಪದ್ಧತಿ ನಿಲ್ಲಬೇಕು. ಒಂದು ಕಂಬ ಸೋತರೆ ಇಡೀ ಸಾಲೇ ಕುಸಿಯಬಹುದು. ಸೀಟ್ ಬೆಲ್ಟ್ ಕಟ್ಟುವುದಂತೂ ಕಡ್ಡಾಯವಾಗಬೇಕು. ಯಂತ್ರ ಉರುಳುವಾಗ ಹೊರಗೆ ಹಾರಿದವನೇ ಅದರಡಿ ಸಿಲುಕುವುದು. ಸೀಟಿನಲ್ಲೇ ಕುಳಿತು, ಸ್ಟಿಯರಿಂಗ್ ಬಿಗಿಹಿಡಿದು, ಉರುಳುವ ದಿಕ್ಕಿಗೆ ವಿರುದ್ಧವಾಗಿ ಬಾಗುವುದೇ ಸರಿಯಾದ ಕ್ರಮ.

ನಮ್ಮವರು ಮಾಡಬಹುದಾದದ್ದು

ಸಾರಿಗೆ, ಗೋದಾಮಿನ ಮೇಲ್ವಿಚಾರಣೆ, ಲೆಕ್ಕಪತ್ರ, ಹಮಾಲಿ ಹೀಗೆ ಈ ವ್ಯವಹಾರದ ಎಲ್ಲ ಮೆಟ್ಟಿಲುಗಳಲ್ಲೂ ಕನ್ನಡಿಗರಿದ್ದಾರೆ. ಉದ್ಯಮಿಗಳಾಗಿರುವ ನಮ್ಮವರು ಗುತ್ತಿಗೆ ಪತ್ರಕ್ಕೆ ಸಹಿ ಹಾಕುವಾಗ ದರದ ಜತೆಗೆ ಚಾಲಕನ ತರಬೇತಿಯ ಪತ್ರವನ್ನೂ ಕೇಳಲಿ. ಊರಿನಿಂದ ಬಂದು ಕೆಲಸಕ್ಕೆ ಸೇರುವ ಹುಡುಗರು ನೇಮಕ ಪತ್ರ, ಇ.ಎಸ್.ಐ. ನೋಂದಣಿ ಇವೆರಡನ್ನು ಮೊದಲ ತಿಂಗಳಲ್ಲೇ ಕೇಳಿ ಪಡೆಯಲಿ. ಚಾಲಕ ರಜೆಯಲ್ಲಿದ್ದಾನೆ, ನೀನೇ ಸ್ವಲ್ಪ ಓಡಿಸು ಎಂದು ಯಾರಾದರೂ ಕೀಲಿ ಕೊಟ್ಟರೆ ಬೇಡವೆನ್ನುವುದು ಹೇಡಿತನವಲ್ಲ.

ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳ ಮೂಲಕ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಅಂದಿನ ಹೋಟೆಲ್ ಹುಡುಗನ ಸ್ಥಾನದಲ್ಲಿ ಇಂದು ಗೋದಾಮಿನ ಹುಡುಗನಿದ್ದಾನೆ. ಥಾಣೆ, ಕಲ್ಯಾಣ, ಡೊಂಬಿವಲಿ, ಪನ್ವೇಲ್ ಪರಿಸರದ ಸಂಘಸಂಸ್ಥೆಗಳು ವರ್ಷದ ಕಾರ್ಯಕ್ರಮಗಳ ನಡುವೆ ಒಂದು ಭಾನುವಾರವನ್ನು ಇಂತಹ ಸುರಕ್ಷತಾ ಶಿಬಿರಕ್ಕೆ ಮೀಸಲಿಟ್ಟರೆ, ಅನುಭವಿ ಚಾಲಕರನ್ನೂ ಕಾರ್ಮಿಕ ಕಾಯಿದೆ ಬಲ್ಲ ವಕೀಲರನ್ನೂ ಕರೆಸಿ ಕನ್ನಡದಲ್ಲೇ ತಿಳಿಹೇಳಿದರೆ ಹೆಚ್ಚಿನ ಖರ್ಚಿಲ್ಲದೆ ದೊಡ್ಡ ಉಪಕಾರವಾದೀತು. ಸಂಬಂಧಪಟ್ಟವರು ಈ ನಿಟ್ಟಿನಲ್ಲಿ ಯೋಚಿಸುವುದು ಅಗತ್ಯ.